ಹಳೇ ಪಂಪ್‌ಹೌಸ್ ಉಳಿಸಿ ಪಾರ್ಕ್ ಮಾಡ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾವು ಹದಿನೈದು ಜನ ಅಕ್ಕಪಕ್ಕದವ್ರು ಸೇರ್ಕೊಂಡು, ಪಾಳು ಬಿದ್ದಿರೋ ನೂರು ವರ್ಷದ ಇಟ್ಟಿಗೆ ಪಂಪ್‌ಹೌಸ್ ಒಂದನ್ನ ಉಳಿಸಿ ಅದರ ಸುತ್ತ ಇರೋ ಒಂದು ಎಕರೆ ಖಾಲಿ ಜಾಗನ ಪಾರ್ಕ್ ಮಾಡ್ಬೇಕು ಅಂತ ಹೊರಟಿದೀವಿ. ಜಾಗ ಸ್ಥಳೀಯ ಆಡಳಿತದ್ದು, ಮಾಡ್ಕೊಳ್ಳಿ ಅಂತ ಬಾಯಿಮಾತಲ್ಲಿ ಹೇಳಿದಾರೆ. ಮುಂದಿನ ತಿಂಗಳೇ ಗೋಡೆ ಮೇಲೆ ಬೆಳೆದಿರೋ ಗಿಡಗಳನ್ನ ಕಿತ್ತು, ಇಟ್ಟಿಗೆನ ಮಷೀನಲ್ಲಿ ಉಜ್ಜಿಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಬಣ್ಣ ಹೊಡೆಸಿ, ಸುತ್ತ ಲಾನ್ ಹಾಕಿ 300 ಗಿಡ ನೆಡೋ ಪ್ಲ್ಯಾನ್ ಇದೆ. ಇದು ಸರಿನಾ?

ಉತ್ತರ: ಮೊದ್ಲು ಒಂದು ಮಾತು, ನೀವು ಹದಿನೈದು ಜನ ಒಂದು ಪಂಪ್‌ಹೌಸ್‌ಗೋಸ್ಕರ ಸೇರಿದೀರಲ್ಲ ಅದು ನಿಜವಾಗ್ಲೂ ಖುಷಿ ಕೊಡೋ ವಿಷಯ, ಯಾಕಂದ್ರೆ ಅರಮನೆ ಕೋಟೆ ಅಂದ್ರೆ ಕಾಪಾಡೋಕೆ ಯಾರಾದ್ರೂ ಬರ್ತಾರೆ, ಪಂಪ್‌ಹೌಸು, ನೀರಿನ ಟ್ಯಾಂಕು, ಹಳೇ ಗೋಡೌನು ಇಂಥವಕ್ಕೆ ಅಕ್ಕಪಕ್ಕದ ಜನ ಬಿಟ್ರೆ ಬೇರೆ ದಿಕ್ಕಿಲ್ಲ. ಆದ್ರೆ ಮುಂದಿನ ತಿಂಗಳ ಪ್ಲ್ಯಾನ್ ಮಾತ್ರ ದಯವಿಟ್ಟು ನಿಲ್ಸಿ. ಗಿಡ ಕೀಳೋದು, ಇಟ್ಟಿಗೆ ಉಜ್ಜೋದು, ಸಿಮೆಂಟ್ ಬಳಿಯೋದು, ಈ ಮೂರೂ ಸೇರಿದ್ರೆ ಇಷ್ಟು ವರ್ಷ ಮಳೆ ಬಿಸಿಲು ಮಾಡದೇ ಇರೋ ಹಾಳನ್ನ ನೀವು ಒಂದೇ ತಿಂಗಳಲ್ಲಿ ಮಾಡ್ಬಿಡ್ತೀರಿ. ಬೈತಿದೀನಿ ಅಂತ ಅಂದ್ಕೋಬೇಡಿ, ಒಳ್ಳೇ ಮನಸ್ಸಿನವ್ರೇ ಮಾಡೋ ತಪ್ಪು ಇದು, ಇಪ್ಪತ್ತು ವರ್ಷದಿಂದ ಹಳೇ ಕಟ್ಟಡಗಳ ಕೆಲಸ ಮಾಡ್ತಾ ಇದನ್ನ ಎಷ್ಟು ಸಲ ನೋಡಿದೀನಿ ಅಂದ್ರೆ ಲೆಕ್ಕ ಇಟ್ಟಿಲ್ಲ.

ಸಿಮೆಂಟಿಂದ ಶುರು ಮಾಡ್ತೀನಿ ಯಾಕಂದ್ರೆ ಅದೇ ದೊಡ್ಡ ಅಪಾಯ. ಆ ಕಾಲದ ಇಟ್ಟಿಗೆ ಕಟ್ಟಡ ಅಂದ್ರೆ ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಕಟ್ಟಿರ್ತಾರೆ (ನಿಮ್ಮದೂ ಅದೇನಾ ಅಂತ ಒಂದು ಚೂರು ಗಾರೆ ತೆಗೆದು ಲ್ಯಾಬಲ್ಲಿ ನೋಡಿಸ್ಬೇಕು). ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರತ್ತೆ, ಅದು ದೋಷ ಅಲ್ಲ, ಅದೇ ಅದರ ಗುಣ. ಗೋಡೆ ಒಳಗೆ ತೇವ ಹೋಗೇ ಹೋಗತ್ತೆ, ಪಾಯದಿಂದ ಏರತ್ತೆ, ಮಳೆಯಿಂದ ಇಳಿಯತ್ತೆ, ಆ ತೇವ ಗಾರೆ ಸಂದಿಯಿಂದ ಆವಿಯಾಗಿ ಹೊರಗೆ ಹೋಗತ್ತೆ, ಜೊತೆಗೆ ಬಂದ ಉಪ್ಪು ಕೂಡ ಗಾರೆಯಲ್ಲೇ ಹರಳಾಗಿ ಅದನ್ನೇ ಉದುರಿಸತ್ತೆ, ಇಟ್ಟಿಗೆ ಉಳ್ಕೊಳ್ಳತ್ತೆ. ಅಂದ್ರೆ ಸವೆಯೋದಕ್ಕೇ ಅಂತ ಇರೋದು ಗಾರೆ, ಸವೆದಾಗ ಮತ್ತೆ ತುಂಬ್ತಾರೆ ಅಷ್ಟೆ. ಇದರ ಮೇಲೆ ಸಿಮೆಂಟ್ ಬಳಿದ್ರೆ ಹೊರಗಿನ ದಾರಿ ಮುಚ್ಚಿಹೋಯ್ತು, ತೇವ ಒಳಗೇ ಉಳೀತು, ಈಗ ಉಪ್ಪು ಹರಳಾಗೋದು ಇಟ್ಟಿಗೆ ಒಳಗೆ, ಇಟ್ಟಿಗೆ ಮುಖ ಪದರ ಪದರವಾಗಿ ಬಿದ್ದುಹೋಗತ್ತೆ. ಮೊದಲೆರಡು ವರ್ಷ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣತ್ತೆ, ಆಮೇಲೆ ಪ್ಲಾಸ್ಟರ್ ಉಬ್ಬಿ ಕಳಚ್ಕೊಂಡಾಗ ಜೊತೆಗೆ ಇಟ್ಟಿಗೆ ಚರ್ಮನೂ ಕಿತ್ಕೊಂಡು ಬರತ್ತೆ. ನಾನೇ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಹಳೇ ಗೋಡೆಗೆ ಸಿಮೆಂಟ್ ಸಂದಿ ತುಂಬಿಸೋದಕ್ಕೆ ಒಪ್ಪಿಬಿಟ್ಟಿದ್ದೆ, ಆರು ವರ್ಷ ಬಿಟ್ಟು ಹೋಗಿ ನೋಡಿದ್ರೆ ಇಟ್ಟಿಗೆಗಳೆಲ್ಲ ಒಳಗೆ ಸವೆದು ಸಿಮೆಂಟ್ ಗೆರೆ ಮಾತ್ರ ಜೇನುಗೂಡಿನ ಥರ ಹೊರಗೆ ನಿಂತಿತ್ತು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗತ್ತೆ.

ಮಷೀನಲ್ಲಿ ಉಜ್ಜೋದು ಅಂದ್ರಲ್ಲ, ಮರಳು ಹೊಡೆಯೋ ಮಷೀನ್ ಅಂತಾನೇ ಅಂದ್ಕೋತೀನಿ. ಬೇಡ್ವೇ ಬೇಡ. ಇಟ್ಟಿಗೆ ಸುಟ್ಟಾಗ ಹೊರಗಡೆ ಒಂದು ಗಟ್ಟಿ ಪದರ ಬರತ್ತೆ, ರೊಟ್ಟಿ ಮೇಲಿನ ಕಂದು ಸಿಪ್ಪೆ ಥರ, ಅದು ಹೋದ್ರೆ ಒಳಗಿರೋ ಮೆತ್ತನೆ ಭಾಗ ಸ್ಪಂಜಿನ ಹಾಗೆ ನೀರು ಕುಡಿಯತ್ತೆ. ಸಾದಾ ನೀರು, ಮೆತ್ತನೆ ಬ್ರಷ್ಷು, ತಾಳ್ಮೆ, ಇಷ್ಟು ಸಾಕು, ಅದೂ ಕಪ್ಪು ಕಟ್ಟಿರೋ ಕಡೆ ಮಾತ್ರ. ಹಳೇದು ಹಳೇದರ ಥರ ಕಾಣಲಿ ಬಿಡಿ.

ಇದು ನಾನೊಬ್ಬ ಹೇಳ್ತಿರೋದಲ್ಲ. 19ನೇ ಶತಮಾನದ ಇಂಗ್ಲೆಂಡಲ್ಲಿ ಇದೇ ಜಗಳ ದೊಡ್ಡದಾಗಿ ನಡೆದಿತ್ತು, ಹಳೇ ಚರ್ಚ್‌ಗಳನ್ನ ‘ಮೊದಲಿನ ಹಾಗೆ ಮಾಡ್ತೀವಿ’ ಅಂತ ವಾಸ್ತುಶಿಲ್ಪಿಗಳು ಗೋಡೆ ಕೆರೆದು, ಎಷ್ಟೋ ಕಾಲದಿಂದ ಸೇರ್ಕೊಂಡು ಬಂದಿದ್ದ ಭಾಗಗಳನ್ನ ಕಿತ್ತುಹಾಕಿ, ತಮ್ಮ ಕಲ್ಪನೆಯ ಹೊಸ ಹಳೇ ಚರ್ಚ್ ಕಟ್ತಾ ಇದ್ರು. ಇದನ್ನ ನೋಡಿ ರೋಸಿಹೋಗಿ ವಿಲಿಯಂ ಮೋರಿಸ್ ಅನ್ನೋ ಕವಿ, ವಿನ್ಯಾಸಕಾರ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ಅಂತ ಒಂದು ಸೊಸೈಟಿ ಶುರು ಮಾಡಿದ, ಜನ ಅದಕ್ಕೆ ‘ಕೆರೆಯೋದರ ವಿರೋಧಿಗಳು’ ಅಂತ್ಲೇ ಅಡ್ಡಹೆಸರಿಟ್ರು. ಅವ್ರು ಹೇಳಿದ್ದು ಬಹಳ ಸರಳ: ದಿನದಿನದ ಆರೈಕೆಯಿಂದ ಕಟ್ಟಡ ಹಾಳಾಗೋದನ್ನ ತಡೀರಿ, ಬೀಳೋ ಗೋಡೆಗೆ ಊರುಗೋಲು ಕೊಡಿ, ಸೋರೋ ಸೂರು ಸರಿ ಮಾಡಿ, ಉಳಿದಿದ್ದನ್ನ ಮುಟ್ಟೋಕೆ ಹೋಗ್ಬೇಡಿ. ಸ್ಮಾರಕಗಳನ್ನ ಹೇಗೆ ಕಾಪಾಡ್ಬೇಕು ಅಂತ ಹಲವು ದೇಶದ ತಜ್ಞರು ಸೇರಿ ಬರೆದ 1964ರ ವೆನಿಸ್ ಸನ್ನದು ಇದನ್ನೇ ಇನ್ನೊಂದು ಥರ ಹೇಳತ್ತೆ, ಊಹೆ ಎಲ್ಲಿ ಶುರುವಾಗತ್ತೋ ಅಲ್ಲಿ ಜೀರ್ಣೋದ್ಧಾರ ನಿಲ್ಬೇಕು ಅಂತ. ಆಸ್ಟ್ರೇಲಿಯಾದವ್ರು 1979ರಲ್ಲಿ ಮಾಡಿದ ಬರ್ರಾ ಸನ್ನದಿನ ಸಾರ ಅಂದ್ರೆ ಎಷ್ಟು ಬೇಕೋ ಅಷ್ಟು ಮಾಡಿ, ಆದ್ರೆ ಆದಷ್ಟು ಕಮ್ಮಿ ಮಾಡಿ. ನಿಮ್ಮ ಗುಂಪಿಗೆ ಇದು ಅನುಕೂಲದ ಮಾತೇ, ಕಮ್ಮಿ ಮಾಡೋದಕ್ಕೆ ದುಡ್ಡೂ ಕಮ್ಮಿ ಬೇಕಾಗತ್ತೆ.

ಪಂಪ್‌ಹೌಸ್ ಅಂದ್ಮೇಲೆ ಕಬ್ಬಿಣದ ತೊಲೆಗಳು ಇದ್ದೇ ಇರತ್ತೆ, ಚಾವಣಿಗೆ, ಮಷೀನ್ ಎತ್ತೋ ರಾಟೆಗೆ, ಅದನ್ನ ಮರೀಬೇಡಿ. ಕಬ್ಬಿಣ ತುಕ್ಕು ಹಿಡಿದ್ರೆ ಬರೀ ಸವೆಯಲ್ಲ, ಉಬ್ಬತ್ತೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಗೊಳ್ಳತ್ತೆ, ಸುತ್ತಲಿನ ಇಟ್ಟಿಗೆ ಕಲ್ಲನ್ನ ಒಳಗಿಂದ ಸೀಳತ್ತೆ. ಗ್ರೀಸ್‌ನ ಅಥೆನ್ಸಿನಲ್ಲಿ, ಗುಡ್ಡದ ಮೇಲೆ ಹಳೇ ಅಮೃತಶಿಲೆ ದೇವಸ್ಥಾನಗಳಿರೋ ಅಕ್ರೊಪೊಲಿಸ್‌ನಲ್ಲಿ ಆಗಿದ್ದು ಇದೇ: ಹಳೇ ಗ್ರೀಕರು ಕಲ್ಲುಗಳನ್ನ ಜೋಡಿಸೋ ಕಬ್ಬಿಣದ ಪಟ್ಟಿಗಳಿಗೆ ಸೀಸ ಸುರಿದು ಗಾಳಿ ನೀರು ತಾಗದ ಹಾಗೆ ಮಾಡಿದ್ರು, 20ನೇ ಶತಮಾನದ ಶುರುವಿನಲ್ಲಿ ನಿಕೊಲಾಸ್ ಬಲಾನೋಸ್ ಅನ್ನೋ ಎಂಜಿನಿಯರ್ ರಿಪೇರಿ ಮಾಡುವಾಗ ಆ ಸೀಸದ ಹೊದಿಕೆ ಇಲ್ಲದ ಕಬ್ಬಿಣ ಹಾಕಿದ, ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆನೇ ಒಡೆದು ಹಾಕ್ತು. 1975ರಲ್ಲಿ ಅದಕ್ಕೇ ಅಂತ ಒಂದು ಸಮಿತಿ ಮಾಡಿ, ಆ ಕಬ್ಬಿಣನ ಒಂದೊಂದಾಗಿ ತೆಗೆದು ಟೈಟೇನಿಯಂ ಹಾಕೋ ಕೆಲಸ ಹಿಡಿದ್ರು, ಅದು ದಶಕಗಟ್ಟಲೆ ನಡೀತು. ಅಷ್ಟು ದೊಡ್ಡ ತಜ್ಞರ ರಿಪೇರಿಯೇ ರೋಗ ಆಯ್ತು ಅಂದ್ರೆ ನಾವು ಎಷ್ಟು ಹುಷಾರಾಗಿರ್ಬೇಕು ನೋಡಿ. ಆಮೇಲೆ ತೆಗೆಯೋಕೆ ಆಗದೇ ಇರೋ ಯಾವ ಕೆಲಸನೂ ಈಗ ಮಾಡ್ಬೇಡಿ, ಸದ್ಯಕ್ಕೆ ಈ ಒಂದು ನಿಯಮ ಸಾಕು.

ಗೋಡೆ ಮೇಲಿನ ಗಿಡ. ಆಲದ ಜಾತಿಯದ್ದಾದ್ರೆ ಬೇರು ಗೋಡೆ ಒಳಗೆ ಎಷ್ಟು ದೂರ ಹೋಗಿದೆ ಅಂತ ಹೊರಗಿಂದ ಗೊತ್ತೇ ಆಗಲ್ಲ, ಎಷ್ಟೋ ಕಡೆ ಗೋಡೆನ ಹಿಡ್ಕೊಂಡು ನಿಂತಿರೋದು ಆ ಬೇರೇ, ಕಿತ್ರೆ ನಾಕು ಸಾಲು ಇಟ್ಟಿಗೆ ಕೂಡ ಬರತ್ತೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರದ ಹಾಗೆ ಗೊತ್ತಿರೋವ್ರಿಂದ ಬುಡಕ್ಕೆ ಮದ್ದು ಹಚ್ಚಿಸಿ, ಬೇರು ಪೂರ್ತಿ ಸತ್ತು ಒಣಗೋ ತನಕ ಕಾಯ್ರಿ, ಆಮೇಲೆ ಸಡಿಲ ಆಗಿರೋ ಜಾಗಕ್ಕೆ ಗಾರೆ ತುಂಬಿಸ್ತಾ ಬನ್ನಿ. ಅದಕ್ಕೂ ಮುಂಚೆ ಹಕ್ಕಿ ಗೂಡು, ಬಾವಲಿ ಏನಾದ್ರೂ ಇದೆಯಾ ನೋಡಿ, ಮರಿ ಇರೋ ಕಾಲದಲ್ಲಿ ಮುಟ್ಬೇಡಿ, ಕೆಲವು ಕಡೆ ಅದು ಕಾನೂನಿನ ಪ್ರಕಾರ ಅಪರಾಧ ಕೂಡ.

ಹಾಗಾದ್ರೆ ಏನ್ ಮಾಡೋದು ಅಂತ ಕೇಳ್ತೀರಿ. ಮೊದಲ ವರ್ಷ ನಿಮ್ಮ ಕೆಲಸ ಎರಡೇ, ದಾಖಲೆ ಮತ್ತೆ ನೀರು. ದಾಖಲೆ ಅಂದ್ರೆ ಪ್ರತಿ ಗೋಡೆನ ನೇರ ಎದುರಿಗೆ ನಿಂತು ಫೋಟೋ ತಗೊಂಡು, ಅಳತೆ ಮಾಡಿ, ಎಲ್ಲೆಲ್ಲಿ ಬಿರುಕು, ಎಲ್ಲೆಲ್ಲಿ ತೇವ, ಎಲ್ಲೆಲ್ಲಿ ಉಪ್ಪಿನ ಬಿಳಿ ಕಲೆ ಅಂತ ಒಂದು ನಕ್ಷೆ ಮೇಲೆ ಗುರುತು ಹಾಕೋದು. ಬಿರುಕಿನ ಎರಡೂ ಕಡೆ ಸಣ್ಣ ಗುರುತು ಮಾಡಿ, ತಿಂಗಳಿಗೊಂದು ಸಲ ಮಧ್ಯದ ದೂರ ಅಳೆದು ತಾರೀಖಿನ ಸಮೇತ ಬರೆದಿಡಿ. ಒಂದು ವರ್ಷ ಪೂರ್ತಿ ಅಳೀಬೇಕು, ಬಿಸಿಲಿಗೆ ಚಳಿಗೆ ಬಿರುಕು ಹಿಗ್ಗೋದು ಕುಗ್ಗೋದು ಸಹಜ, ವರ್ಷದ ಕೊನೆಗೆ ಮೊದಲಿನ ಅಳತೆಗೇ ವಾಪಸ್ ಬಂದ್ರೆ ಅದು ಹಳೇ ಗಾಯ, ಗಾಬರಿ ಬೇಡ, ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಅಗಲ ಆಗ್ತಾನೇ ಇದ್ರೆ ಪಾಯ ಎಲ್ಲೋ ಕುಸೀತಿರಬಹುದು, ತಕ್ಷಣ ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೀರಿ, ಅದ್ರಲ್ಲೂ ಹಳೇ ಕಟ್ಟಡ ಗೊತ್ತಿರೋವ್ರನ್ನೇ ಹುಡುಕಿ. ಈ ಅಳತೆ ಪುಸ್ತಕ ಇಟ್ಕೊಂಡು ಹೋದ್ರೆ ಅವ್ರು ಅರ್ಧ ಗಂಟೆಯಲ್ಲಿ ಹೇಳೋದನ್ನ ಪುಸ್ತಕ ಇಲ್ದೇ ಆರು ತಿಂಗಳಾದ್ರೂ ಹೇಳಕ್ಕಾಗಲ್ಲ. ಜೊತೆಗೆ ಅಲ್ಲಿ ಕೆಲಸ ಮಾಡಿದ್ದ ಹಿರಿಯರು ಯಾರಾದ್ರೂ ಇದ್ರೆ ಅವರ ಮಾತು ರೆಕಾರ್ಡ್ ಮಾಡ್ಕೊಳ್ಳಿ, ಇದನ್ನ ಮುಂದೂಡ್ಬೇಡಿ, ಇಟ್ಟಿಗೆ ಇನ್ನೊಂದು ವರ್ಷ ಕಾಯತ್ತೆ, ಎಂಬತ್ತೈದು ವರ್ಷದ ಆಪರೇಟರ್ ನೆನಪು ಕಾಯಲ್ಲ.

ನೀರು ಅಂದ್ರೆ ಚಾವಣಿಯಿಂದ ಪಾಯದ ತನಕ ಮಳೆನೀರು ಹೋಗೋ ದಾರಿ. ಹಳೇ ಕಟ್ಟಡ ಬೀಳೋದು ವಯಸ್ಸಾಗಿ ಅಲ್ಲ, ಹೆಚ್ಚಿನವು ಬೀಳೋದು ಎಲೆ ಕಟ್ಕೊಂಡ ಒಂದು ಪೈಪಿಂದ. ದೋಣಿ ಪೈಪು ತುಂಬಿ ನೀರು ಗೋಡೆ ಮೇಲೆ ಇಳಿಯತ್ತೆ, ಗಾರೆ ಕರಗತ್ತೆ, ಮರದ ತೊಲೆ ತುದಿ ಕೊಳೆಯತ್ತೆ, ಪಾಯದ ಬುಡದಲ್ಲಿ ನೀರು ನಿಲ್ಲತ್ತೆ. ಕಟ್ಟಡದ ಸುತ್ತ ಮಣ್ಣು ವರ್ಷಾನುಗಟ್ಟಲೆ ಏರಿ ಏರಿ ಮೂಲ ನೆಲದ ಮಟ್ಟಕ್ಕಿಂತ ಎತ್ತರ ಆಗಿರತ್ತೆ, ಮಣ್ಣಿನ ಟೆಸ್ಟ್ ಆದ್ಮೇಲೆ (ಅದರ ಬಗ್ಗೆ ಮುಂದೆ ಹೇಳ್ತೀನಿ) ಅದನ್ನ ನಿಧಾನಕ್ಕೆ ತೆಗೆದು ನೀರು ಗೋಡೆಯಿಂದ ಆಚೆ ಹರಿಯೋ ಹಾಗೆ ಇಳಿಜಾರು ಮಾಡೋದು ಸ್ವಯಂಸೇವಕರು ಮಾಡಬಹುದಾದ ಅತಿ ಒಳ್ಳೇ ಕೆಲಸ, ಪಾಯಕ್ಕೆ ಅಂಟ್ಕೊಂಡ ಹಾಗೆ ಆಳ ಮಾತ್ರ ಅಗೀಬೇಡಿ. ಮತ್ತೆ ನೀವು ಹೇಳಿದ ಲಾನ್ ಇಲ್ಲೇ ಅಡ್ಡ ಬರತ್ತೆ ನೋಡಿ, ಗೋಡೆ ತನಕ ಹುಲ್ಲು ಹಾಕಿ ದಿನಾ ನೀರು ಬಿಟ್ರೆ ಪಾಯಕ್ಕೇ ನೀರು ಕುಡಿಸಿದ ಹಾಗೆ. ಗೋಡೆ ಸುತ್ತ ಒಂದೆರಡು ಮೀಟರ್ ಜಲ್ಲಿ ಪಟ್ಟಿ ಬಿಡಿ, ದೊಡ್ಡ ಮರಗಳನ್ನ ಇನ್ನೂ ದೂರ ಇಡಿ.

ಒಳಗೆ ಕಾಲಿಡೋ ಮುಂಚೆ ಎರಡು ಟೆಸ್ಟ್. ಹಳೇ ಬಣ್ಣದಲ್ಲಿ ಸೀಸ, ಪೈಪಿನ ಸುತ್ತುಗಳಲ್ಲಿ ಶೀಟ್‌ಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಎರಡರ ಧೂಳೂ ಉಸಿರಲ್ಲಿ ಹೋದ್ರೆ ಅಪಾಯ, ಒಣ ಉಜ್ಜೋದು ಗುಡಿಸೋದು ಮಾಡ್ಬೇಡಿ, ಮಕ್ಕಳನ್ನಂತೂ ಕರ್ಕೊಂಡು ಹೋಗ್ಲೇಬೇಡಿ. ಇನ್ನೊಂದು ಮಣ್ಣು. ಎಂಜಿನ್ ಇದ್ದ ಜಾಗ ಅಂದ್ರೆ ಎಣ್ಣೆ, ಡೀಸೆಲ್, ಬೂದಿ ಎಲ್ಲ ನೆಲಕ್ಕೆ ಇಳಿದಿರಬಹುದು. ಅಮೆರಿಕದ ಸಿಯಾಟಲ್‌ನಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ಅಂತಿದೆ, ಕಲ್ಲಿದ್ದಲಿಂದ ಗ್ಯಾಸ್ ಮಾಡ್ತಿದ್ದ ಹಳೇ ಕಾರ್ಖಾನೆ, ಅದರ ಟವರ್‌ಗಳನ್ನ ಕೆಡವೋ ಬದಲು ರಿಚರ್ಡ್ ಹಾಗ್ ಅನ್ನೋ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಹಾಗೇ ಉಳಿಸಿ ಸುತ್ತ ಪಾರ್ಕ್ ಮಾಡಿದ್ರು, 1975ರಲ್ಲಿ ತೆರೀತು, ತುಕ್ಕು ಹಿಡಿದ ಯಂತ್ರ ಕೂಡ ಸ್ಮಾರಕ ಆಗಬಹುದು ಅಂತ ಬಹಳ ಜನಕ್ಕೆ ತೋರಿಸಿಕೊಟ್ಟ ಜಾಗ ಅದು. ಆದ್ರೆ ಮಣ್ಣು ಟಾರ್‌ನಿಂದ ಎಷ್ಟು ಕೆಟ್ಟಿತ್ತು ಅಂದ್ರೆ ಗೊಬ್ಬರ ಸೇರಿಸಿ ಸೂಕ್ಷ್ಮಜೀವಿಗಳಿಂದ ಅದನ್ನ ಸರಿಮಾಡಿಸೋಕೆ ನೋಡಿದ್ರು, ಆದ್ರೂ ಅಲ್ಲಿ ಕೆರೆ ದಂಡೆಯಿಂದ ನೀರಿಗಿಳಿಯೋಕೆ ಬಿಡಲ್ಲ. ಹಾಗಾಗಿ ಮಣ್ಣಿನ ರಿಪೋರ್ಟ್ ಬರೋ ತನಕ ಒಂದೇ ಒಂದು ಗುಂಡಿ ತೋಡ್ಬೇಡಿ.

ಈಗ ಆ 300 ಗಿಡ. ನೆಡೋ ದಿನ ಇನ್ನೂರು ಜನ ಬರ್ತಾರೆ, ಮೂರನೇ ಬೇಸಿಗೆಯಲ್ಲಿ ನೀರು ಹಾಕೋಕೆ ಇಬ್ಬರು ಇರ್ತಾರೆ. ಆ ಇಬ್ಬರು ಎಷ್ಟು ಗಿಡಕ್ಕೆ ನೀರು ಹಾಕಕ್ಕಾಗತ್ತೋ ಅಷ್ಟೇ ನೆಡಿ, 40 ಆದ್ರೆ 40, ಬದುಕಿದ 40 ಮರ ಒಂದು ಎಕರೆಗೆ ಧಾರಾಳ ಆಯ್ತು. ಕಾಂಡ ಅಗಲ ಆಗಿ ಬೇರು ಶುರುವಾಗೋ ಜಾಗ ನೆಲದ ಮಟ್ಟಕ್ಕೇ ಇರ್ಬೇಕು, ಆಳಕ್ಕೆ ಹೂತ್ರೆ ನಿಧಾನಕ್ಕೆ ಕೊಳೆಯತ್ತೆ, ಬುಡಕ್ಕೆ ಎಲೆ ಹೊದಿಕೆ ಹಾಕಿ ಆದ್ರೆ ಕಾಂಡಕ್ಕೆ ತಾಗಿಸ್ಬೇಡಿ. ಅದಕ್ಕಿಂತ ಮೊದ್ಲು ಅಲ್ಲಿ ತಾನಾಗೇ ಏನೇನು ಬೆಳೆದಿದೆ ಅಂತ ಒಂದು ವರ್ಷ ನೋಡಿ ಪಟ್ಟಿ ಮಾಡಿ. ನ್ಯೂಯಾರ್ಕಿನ ಹೈಲೈನ್ ಕಥೆ ಕೇಳಿರ್ತೀರಿ, 1934ರಲ್ಲಿ ಓಡೋಕೆ ಶುರುವಾದ ಎತ್ತರದ ಗೂಡ್ಸ್ ರೈಲು ಹಳಿ, 1980ರಲ್ಲಿ ಕೊನೇ ರೈಲು ಹೋಯ್ತು, ಕೆಡವ್ಬೇಕು ಅಂತಿದ್ದಾಗ 1999ರಲ್ಲಿ ಜೋಶುವಾ ಡೇವಿಡ್, ರಾಬರ್ಟ್ ಹ್ಯಾಮಂಡ್ ಅನ್ನೋ ಇಬ್ಬರು ನಿವಾಸಿಗಳು, ಆ ಬಡಾವಣೆ ಮೀಟಿಂಗಲ್ಲಿ ಮೊದಲ ಸಲ ಪರಿಚಯ ಆದವ್ರು, ಸೇರಿ ಒಂದು ಗೆಳೆಯರ ಸಂಘ ಮಾಡಿದ್ರು, 2009ರಲ್ಲಿ ಮೊದಲ ಭಾಗ ಪಾರ್ಕ್ ಆಯ್ತು. ಅಲ್ಲಿ ಗಿಡ ಆರಿಸಿದ ಪೀಟ್ ಔಡಾಲ್ಫ್ ಆ ಹಳಿ ಮೇಲೆ ತಾನಾಗೇ ಬೆಳೆದಿದ್ದ ಹುಲ್ಲು, ಕಾಡುಹೂವಿನ ಸ್ವಭಾವವನ್ನೇ ಇಟ್ಕೊಂಡು ತೋಟ ಮಾಡಿದ್ರು, ಅದಕ್ಕೇ ಅದು ಹಳೇ ರೈಲು ಹಳಿ ಅಂತ ಇವತ್ತಿಗೂ ಅನ್ನಿಸತ್ತೆ. ಇದೇ ಕಥೆಗೆ ಇನ್ನೊಂದು ಮುಖ ಇದೆ, ಪಾರ್ಕ್ ಆದ್ಮೇಲೆ ಸುತ್ತಮುತ್ತ ಮನೆ ಬೆಲೆ ಎಲ್ಲ ಸಿಕ್ಕಾಪಟ್ಟೆ ಏರ್ತು, ಅಕ್ಕಪಕ್ಕದ ಬಡ ಮನೆಗಳವ್ರು ಅಲ್ಲಿಗೆ ಬರೋದೇ ಕಮ್ಮಿ ಆಯ್ತು, ಆ ಜನಕ್ಕೆ ಏನು ಬೇಕು ಅಂತ ಕೇಳೋದ್ರಲ್ಲಿ ಸೋತ್ವಿ ಅಂತ ಹ್ಯಾಮಂಡ್ ಆಮೇಲೆ ತಾವೇ ಒಪ್ಕೊಂಡ್ರು. ನಿಮ್ಮ ಹದಿನೈದು ಜನರಲ್ಲಿ ಆ ಜಾಗದ ಪಕ್ಕದಲ್ಲೇ ಬಾಡಿಗೆಗಿರೋವ್ರು ಎಷ್ಟು ಜನ ಇದಾರೆ, ಅಲ್ಲಿ ಈಗ ಆಡೋ ಹುಡುಗರು, ನೆರಳಿಗೆ ಅಂತ ಬಂದು ಕೂರೋವ್ರು, ಅವ್ರನ್ನ ಕೇಳಿದೀರಾ? ಪಾರ್ಕ್ ಆದ ದಿನ ಅವ್ರನ್ನ ಗೇಟಿಂದ ಆಚೆ ಹಾಕಿದ್ರೆ ಅದು ನನ್ನ ಪ್ರಕಾರ ಪಾರ್ಕೇ ಅಲ್ಲ.

ಗೇಟು ಅಂದ್ಕೂಡ್ಲೆ ನೆನಪಾಯ್ತು. ಸೇಫ್ಟಿ ಅಂತ ಎತ್ತರದ ಬೇಲಿ, ದಟ್ಟ ಪೊದೆ ಹಾಕಿಸ್ಬೇಡಿ. ಅದೇ ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಒಂದು ಕಾಲದಲ್ಲಿ ಡ್ರಗ್ಸ್ ಮಾರೋವ್ರ ಅಡ್ಡೆ ಆಗಿತ್ತು, ವಿಲಿಯಂ ವೈಟ್ ಅನ್ನೋ ಸಂಶೋಧಕರು ಅಲ್ಲಿ ಜನ ಹೇಗೆ ಓಡಾಡ್ತಾರೆ ಎಲ್ಲಿ ಕೂರ್ತಾರೆ ಅಂತ ಗಮನಿಸಿ ನೋಡಿ, ಬೀದಿಯಿಂದ ಒಳಗಡೆ ಕಾಣದೇ ಇರೋದೇ ಸಮಸ್ಯೆ ಅಂದ್ರು. ಪೊದೆ ತೆಗೆದು ಪ್ರವೇಶ ಅಗಲ ಮಾಡಿ, ಎಲ್ಲಿ ಬೇಕೋ ಅಲ್ಲಿಗೆ ಎಳ್ಕೊಂಡು ಹೋಗಿ ಕೂರಬಹುದಾದ ಬಿಡಿ ಕುರ್ಚಿ ಇಟ್ರು, 1992ರಲ್ಲಿ ಮತ್ತೆ ತೆರೆದ್ಮೇಲೆ ಪಾರ್ಕಿನ ಕಳೆನೇ ಬದಲಾಯ್ತು. ಹೊರಗಿಂದ ಒಳಗೆ ಕಾಣ್ಬೇಕು, ಕೂರೋಕೆ ಜಾಗ ಇರ್ಬೇಕು, ನೆರಳಿರ್ಬೇಕು. ನಿಮ್ಮ ಪಂಪ್‌ಹೌಸ್ ಬಾಗಿಲು ಎಲ್ಲಾ ಕಡೆಯಿಂದ ಕಾಣೋ ಹಾಗೆ ಗಿಡಗಳ ಜಾಗ ಆರಿಸಿ.

ಕಾಗದಪತ್ರದ ವಿಷಯ ಕೊನೆಗೆ ಹೇಳ್ತಿದೀನಿ ಆದ್ರೆ ನೀವು ಮಾತ್ರ ಇದನ್ನ ಮೊದ್ಲೇ ಮಾಡ್ಬೇಕು. ಬಾಯಿಮಾತು ನಡೆಯಲ್ಲ. ಅಧಿಕಾರಿ ವರ್ಗ ಆಗಿಹೋದ್ರೆ ಆ ಮಾತೂ ಅವ್ರ ಜೊತೆ ಹೋಗತ್ತೆ. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತೆ ಅವರ ಗೆಳೆಯರು ನ್ಯೂಯಾರ್ಕಿನ ಒಂದು ಕಸದ ಖಾಲಿ ಸೈಟನ್ನ ಕೈಯಾರೆ ತೋಟ ಮಾಡಿದಾಗ, ಮರುವರ್ಷ ನಗರಾಡಳಿತದಿಂದ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಬರಹದಲ್ಲಿ ತಗೊಂಡ್ರು, ಆ ತೋಟ ಇವತ್ತೂ ಇದೆ. ಬಾಡಿಗೆ ಎಷ್ಟು ಅನ್ನೋದಲ್ಲ, ಕಾಗದ ಇದೆಯಾ ಅನ್ನೋದು. ನಿಮ್ಮ ಕಾಗದದಲ್ಲಿ ಎಷ್ಟು ವರ್ಷಕ್ಕೆ, ರಿಪೇರಿ ಖರ್ಚು ಯಾರದ್ದು, ಯಾರಾದ್ರೂ ಬಿದ್ದು ಪೆಟ್ಟಾದ್ರೆ ಹೊಣೆ ಯಾರದ್ದು, ವಿಮೆ ಯಾರು ಮಾಡಿಸ್ಬೇಕು, ನೀರು ಕರೆಂಟ್ ಬಿಲ್ ಯಾರು ಕಟ್ಟೋದು ಅನ್ನೋದು ಇರ್ಲಿ. ಜೊತೆಗೆ ಕಟ್ಟಡನ ಪಾರಂಪರಿಕ ಪಟ್ಟಿಗೆ ಸೇರಿಸೋಕೆ ಅರ್ಜಿ ಹಾಕಿ. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ಸ್ಟೇಷನ್, 1910ರಲ್ಲಿ ತೆರೆದ ಅಂಥಾ ಭವ್ಯ ಕಟ್ಟಡ, ಜನ ಬೀದಿಗಿಳಿದು ಬೇಡ ಬೇಡ ಅಂದ್ರೂ 1963ರಲ್ಲಿ ಕೆಡವೋಕೆ ಶುರು ಮಾಡಿಬಿಟ್ರು, ತಡೆಯೋಕೆ ಕಾನೂನೇ ಇರ್ಲಿಲ್ಲ. ಆ ನೋವಿಂದ್ಲೇ 1965ರಲ್ಲಿ ಅಲ್ಲಿ ಹೆಗ್ಗುರುತುಗಳ ಕಾಯ್ದೆ ಬಂತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾಯ್ದೆನ ಎತ್ತಿಹಿಡಿದಿದ್ದಕ್ಕೆ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಉಳೀತು.

ದುಡ್ಡಿನ ಲೆಕ್ಕದಲ್ಲಿ ಒಂದೇ ಎಚ್ಚರಿಕೆ, ಜಾಗ ಸಿಗೋದು ಸುಲಭ, ಸಾಕೋದು ಕಷ್ಟ. ಹಳೇ ಕಟ್ಟಡ, ಜಾಗಗಳನ್ನ ಕಾಪಾಡೋ ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ 1895ರಲ್ಲಿ ಶುರುವಾಗಿ ಮರುವರ್ಷ ತಗೊಂಡ ಮೊದಲ ಕಟ್ಟಡ, ಆಲ್ಫ್ರಿಸ್ಟನ್‌ನ 14ನೇ ಶತಮಾನದ ಹುಲ್ಲು ಮಾಡಿನ ಮನೆ, ಬರೀ 10 ಪೌಂಡಿಗೆ ಸಿಕ್ಕಿತ್ತು, ರಿಪೇರಿಗೆ ಅದರ ಹತ್ತಾರು ಪಟ್ಟು ಹೋಯ್ತು. ಹಾಗಾಗಿ ಬಂದ ಪ್ರತಿ ದೇಣಿಗೆಯಲ್ಲಿ ಒಂದು ಭಾಗ ನಿರ್ವಹಣೆಗೆ ಅಂತ ಬೇರೆ ಖಾತೆಯಲ್ಲಿಡಿ, ಉದ್ಘಾಟನೆಗೆ ಖರ್ಚು ಮಾಡ್ಬೇಡಿ. ದೇಣಿಗೆ ಕೊಡೋವ್ರು ತಮ್ಮ ಹೆಸರಿನ ಕಲ್ಲನ್ನ ಹಳೇ ಗೋಡೆಗೆ ಮೊಳೆ ಹೊಡೆದು ಹಾಕಿ ಅಂತಾರೆ, ಒಪ್ಕೋಬೇಡಿ, ಪಾರ್ಕಲ್ಲಿ ಬೇರೆ ಕಡೆ ಹಾಕಿ.

ಕೆಲಸ ಹಂಚ್ಕೊಳ್ಳೋದು ನಿಮಗೇ ಗೊತ್ತಿರತ್ತೆ, ನಾನು ನೋಡಿದ್ದು ಇಷ್ಟೇ: ಎಲ್ಲಾ ಕೆಲಸನೂ ಒಬ್ಬ ಉತ್ಸಾಹಿ ತಲೆ ಮೇಲೆ ಹಾಕ್ಕೊಂಡ ಗುಂಪು ಅವ್ರು ಸುಸ್ತಾದ ದಿನ ಮುಗಿಯತ್ತೆ. ಅಳತೆ ಪುಸ್ತಕ ಒಬ್ಬರ ಹತ್ರ, ಪೈಪ್ ಕ್ಲೀನಿಂಗ್ ಇಬ್ಬರ ಪಾಲಿಗೆ, ಲೆಕ್ಕಪತ್ರ ಇನ್ನೊಬ್ಬರಿಗೆ, ಹೀಗೆ ಸಣ್ಣ ಸಣ್ಣದಾಗಿ ಹಂಚಿ, ಆರು ತಿಂಗಳಿಗೊಂದು ಸಲ ಬದಲಾಯಿಸಿ. ಎತ್ತರ ಹತ್ತೋ ಕೆಲಸ, ತೊಲೆ ಮುಟ್ಟೋ ಕೆಲಸ, ಗಾರೆ ಕೆಲಸ ಇವನ್ನ ಮಾತ್ರ ಕಲಿತವ್ರ ಕೈಗೇ ಕೊಡಿ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಸಿಕ್ಕಿದ್ರೆ ನಿಮ್ಮಲ್ಲಿ ಇಬ್ಬರು ಅವರ ಪಕ್ಕದಲ್ಲಿ ನಿಂತು ಕಲೀರಿ, ಗಾರೆ ಹಾಕಿದ ಮೇಲೆ ಅದನ್ನ ದಿನಗಟ್ಟಲೆ ಒದ್ದೆ ಗೋಣಿ ಹೊದಿಸಿ ಕಾಯ್ಬೇಕು, ಬಿಸಿಲಿಗೆ ಬಿಟ್ರೆ ಪುಡಿ ಆಗತ್ತೆ, ಆ ಕಾಯೋ ಕೆಲಸ ನಿಮ್ಮ ಗುಂಪಿಗೆ ಹೇಳಿ ಮಾಡಿಸಿದ್ದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮುಂದಿನ ಸಲ ಜೋರು ಮಳೆ ಬಂದಾಗ ಇಬ್ಬರು ಕೊಡೆ ಹಿಡ್ಕೊಂಡು ಹೋಗಿ ಕಟ್ಟಡದಿಂದ ದೂರ ನಿಂತು, ಚಾವಣಿ ನೀರು ಎಲ್ಲಿಂದ ಇಳೀತಿದೆ, ಎಲ್ಲಿ ಗೋಡೆ ಮೇಲೆ ಹರೀತಿದೆ, ಎಲ್ಲಿ ಬುಡದಲ್ಲಿ ನಿಲ್ತಿದೆ ಅಂತ ನಾಲ್ಕೂ ಕಡೆಯಿಂದ ವಿಡಿಯೋ ಮಾಡಿ, ಮಳೆ ನಿಂತು ಎರಡು ದಿನ ಆದ್ಮೇಲೆ ಯಾವ ಗೋಡೆ ಇನ್ನೂ ಒದ್ದೆ ಇದೆ ಅಂತ ಮತ್ತೆ ಫೋಟೋ ತೆಗೀರಿ. ಅದನ್ನ ನನಗೆ ಕಳಿಸಿ, ಮೊದಲು ಯಾವ ಪೈಪಿಗೆ ಕೈ ಹಾಕ್ಬೇಕು ಅಂತ ಅದನ್ನ ನೋಡಿ ಹೇಳ್ತೀನಿ.